ದಾಳಿಂಬೆ ಕಾಳಿನ ಕರಾರು: ಗ್ರೀಕ್ ಪುರಾಣದ ಪ್ರೇಮಸರಣಿಯನ್ನು ಬಾಗಲಕೋಟೆಗೆ ಇಳಿಸುವ ಬಗೆ

ಕಾಲೇಜು ವಯಸ್ಸಿನ ಓದುಗರಿಗೆ ಅತಿಮಾನುಷ ಪ್ರೇಮದ ಮೂರು ಕಾದಂಬರಿ ಬರೆಯಲು ಕೂತವರು ಸಾಮಾನ್ಯವಾಗಿ ಒಲಿಂಪಸ್ಸಿನ ದೇವರನ್ನೆಲ್ಲ ಒಂದೇ ಗಾಡಿಗೆ ಹತ್ತಿಸುತ್ತಾರೆ. ಐವತ್ತನೇ ಪುಟಕ್ಕೆ ಗಾಡಿ ಹೂಳುತ್ತದೆ. ಒಂದೇ ಕಥೆ ಹಿಡಿಯಿರಿ: ಬೆಳೆಯ ದೇವತೆ ಡಿಮಿಟರಳ ಮಗಳು ಪರ್ಸೆಫೊನಿ ಮತ್ತು ಪಾತಾಳದ ದೊರೆ ಹೇಡೀಸ್. ಅದರಲ್ಲಿ ಕರಾರು ಇದೆ. ಪಾತಾಳದ ದಾಳಿಂಬೆ ತಿಂದವಳು ಪ್ರತಿ ವರ್ಷ ಅಲ್ಲಿಗೆ ಮರಳಲೇಬೇಕು. ಸರಣಿಯನ್ನು ಹೊರುವುದು ಈ ಕರಾರೇ, ಹುಡುಗನ ಕಣ್ಣಿನ ಬಣ್ಣವಲ್ಲ.

ಲೆಕ್ಕ ಮೊದಲು. ಹೋಮರನ ಹೆಸರಿನಲ್ಲಿ ಉಳಿದಿರುವ ಡಿಮಿಟರ್ ಸ್ತೋತ್ರದಲ್ಲಿ ಅವಳು ತಿನ್ನುವುದು ಒಂದು ಕಾಳು, ಕೆಳಗಿರುವುದು ವರ್ಷದ ಮೂರನೇ ಒಂದು ಭಾಗ. ರೋಮನ್ ಕವಿ ಓವಿಡ್‌ನಲ್ಲಿ ಏಳು ಕಾಳು, ಅರ್ಧ ವರ್ಷ. ಸ್ತೋತ್ರದ ನಾಲ್ಕು ತಿಂಗಳನ್ನೇ ಇಟ್ಟುಕೊಳ್ಳಿ, ನಮಗೆ ಅದು ಹೊಂದುತ್ತದೆ.

ಮೂಲದಲ್ಲಿ ಮಗಳಿಲ್ಲದ ತಾಯಿಯ ದುಃಖಕ್ಕೆ ಭೂಮಿ ಬರಿದಾಗುತ್ತದೆ, ಅದೇ ಚಳಿಗಾಲ. ಇಲ್ಲಿ ಆ ಚಳಿಗಾಲ ತರಬೇಡಿ. ಎಳ್ಳ ಅಮಾವಾಸ್ಯೆಗೆ ಎರಿ ಹೊಲದಲ್ಲಿ ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ, ಜನ ಬುತ್ತಿ ಕಟ್ಟಿಕೊಂಡು ಭೂತಾಯಿಗೆ ಚರಗ ಚೆಲ್ಲಲು ಹೋಗುತ್ತಾರೆ. ಆಗ ಭೂಮಿ ಬರಿದಾಗಿದೆ ಎಂದರೆ ಇಲ್ಲಿನ ಓದುಗ ಪುಸ್ತಕ ಮುಚ್ಚುತ್ತಾನೆ. ನಮ್ಮ ಬರಿದಾದ ಕಾಲ ಬೇಸಿಗೆ. ಹೋಳಿ ಹುಣ್ಣಿಮೆಗೆ ಇಳಿದು ಗುರು ಹುಣ್ಣಿಮೆಗೆ ಬಂದರೆ ಸರಿಯಾಗಿ ನಾಲ್ಕು ಚಾಂದ್ರಮಾಸ. ಹಣ್ಣೂ ಒದಗುತ್ತದೆ: ಒಂದೆರಡು ತಿಂಗಳು ನೀರು ನಿಲ್ಲಿಸಿ, ಎಲೆ ಉದುರಿಸಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂ ಬಿಡಿಸಿದ ಹಸ್ತ ಬಹಾರ ಹಂಗಾಮಿನ ಭಗವಾ ತಳಿಯ ದಾಳಿಂಬೆ ಹೋಳಿಯ ಹೊತ್ತಿಗೆ ಕೊಯ್ಲಿಗೆ ಬಂದಿರುತ್ತದೆ. ನೀರು ನಿಲ್ಲಿಸಿದರೆ ಹೂ ಬಿಡುವ ಗಿಡ. ಪ್ರೇಮಕಥೆಗೆ ಬೇರೆ ಉಪಮೆ ಹುಡುಕಬೇಕಿಲ್ಲ.

ಪಾತಾಳದ ಬಾಗಿಲು ಎಲ್ಲಿ? ಘಟಪ್ರಭೆಯ ದಂಡೆಯ ಮುಳುಗಡೆ ಓಣಿಯಲ್ಲಿ. ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದಾಗ ಹೊಸ್ತಿಲು ಕಾಣುತ್ತದೆ, ಮಳೆಗಾಲದಲ್ಲಿ ನೀರು ಏರಿದಂತೆ ಮುಚ್ಚುತ್ತದೆ. ಪ್ರತಿ ಅಧ್ಯಾಯದ ತಲೆಗೆ ತಾರೀಖಿನ ಬದಲು ಜಲಾಶಯದ ಮಟ್ಟ ಬರೆಯಿರಿ. ಭರ್ತಿ ಮಟ್ಟ 519.60 ಮೀಟರ್, ಮೇ ತಿಂಗಳವರೆಗೆ ಅಂಕಿ ಇಳಿಯಲಿ, ಜುಲೈಯಲ್ಲಿ ದಿನದಿನಕ್ಕೆ ಏರಲಿ. ಅವಳು ಹೊರಬರುವ ಮುನ್ನ ನೀರು ಬಂದರೆ ಎಂಬ ಭಯಕ್ಕೆ ಬೇರೆ ಖಳನಾಯಕ ಬೇಡ. ಒಂದು ಎಚ್ಚರ: ಆ ಗೋಡೆಗಳು ಭೂತಬಂಗಲೆಯಲ್ಲ. ಅಲ್ಲಿದ್ದವರು ಈಗ ನವನಗರದಲ್ಲಿದ್ದಾರೆ, ನಿಮ್ಮ ಪುಸ್ತಕ ಓದುತ್ತಾರೆ.

ಹೆಸರನ್ನು ಅರ್ಥದಿಂದ ತನ್ನಿ. ಪರ್ಸೆಫೊನಿಯ ಇನ್ನೊಂದು ಹೆಸರು ಕೋರೆ, ಅಂದರೆ ಕನ್ಯೆ, ಕನ್ನಿಕಾ ಎಂದಿಡಿ. ಹೇಡೀಸನ ಹೆಸರೆತ್ತಲು ಹೆದರಿ ಗ್ರೀಕರು ಪ್ಲೂಟನ್, ಸಿರಿವಂತ, ಎನ್ನುತ್ತಿದ್ದರು, ಸಂಪತ್ ಎಂದರಾಯಿತು. ಕನ್ನಿಕಾಗೆ ಹತ್ತೊಂಬತ್ತಾಗಿರಲಿ, ತೋಟಗಾರಿಕೆ ಪದವಿಯ ಎರಡನೇ ವರ್ಷ ಓದುತ್ತಿರಲಿ. ಮೂಲದಲ್ಲಿ ಅಪಹರಣವಿದೆ, ಕಾಳನ್ನೂ ಅವನು ಕಳ್ಳತನದಿಂದ ತಿನ್ನಿಸುತ್ತಾನೆ. ಅದನ್ನು ಪ್ರೇಮವೆಂದು ಮಾರಬೇಡಿ. ತಿಂದರೇನಾಗುತ್ತದೆ ಎಂದು ತಿಳಿದೇ ಅವಳು ತಿನ್ನಲಿ, ತಿಂಗಳಿಗೊಂದರಂತೆ ನಾಲ್ಕು ಕಾಳನ್ನು ಅವಳೇ ಎಣಿಸಲಿ.

ಒಲವು ಹೇಳಲು ನಮ್ಮ ಕಡೆಯ ಮಾತಿನಲ್ಲಿ 'ರೀ' ಸಾಕು. ಮೊದಲು "ಯಾರ್ರೀ ನೀವು, ಇಲ್ಲೇನ್ ಮಾಡಾಕತ್ತೀರಿ?" ಎಂದವಳು ಇಪ್ಪತ್ತನಾಲ್ಕು ಅಧ್ಯಾಯದ ಪುಸ್ತಕದಲ್ಲಿ ಹದಿನೆಂಟರ ಸುಮಾರಿಗೆ "ನೀ ಉಂಡೇನು?" ಎನ್ನಲಿ. ಅದಕ್ಕಿಂತ ಮೊದಲು ಒಮ್ಮೆ 'ನೀ' ಜಾರಿದರೂ ಆ ಘಟ್ಟ ಸಪ್ಪಗಾಗುತ್ತದೆ, ತಿದ್ದುವಾಗ ಇದೊಂದನ್ನೇ ಹುಡುಕಿಕೊಂಡು ಓದಿ.

ಎರಡನೇ ಪುಸ್ತಕ ಸೊರಗುವುದು ವಾಡಿಕೆ. ಅದನ್ನು ವಿಜಯಪುರಕ್ಕೆ ಒಯ್ದು, ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗ್ರೀಕ್ ಪುರಾಣದ ವನದೇವತೆ ಎಕೋಳನ್ನು ಕೂರಿಸಿ. ಶಾಪದಿಂದಾಗಿ ಅವಳು ಇತರರ ಕೊನೆಯ ಮಾತನ್ನಷ್ಟೇ ಮರುನುಡಿಯಬಲ್ಲಳು. ಕನ್ನಡದಲ್ಲಿ ಕ್ರಿಯಾಪದ, ನಿಷೇಧ ಎರಡೂ ಕೊನೆಗೇ ಬರುವುದರಿಂದ "ನಾ ಬರಂಗಿಲ್ಲ" ಎಂದರೆ "ಬರಂಗಿಲ್ಲ" ಎಂದೇ ಹಿಂದಿರುಗುತ್ತದೆ, ಅರ್ಥ ತಿರುಗುವುದಿಲ್ಲ. ತಿರುಗಬೇಕಾದರೆ ಕ್ರಿಯಾವಿಶೇಷಣ ಮುಂದಿರುವ ಆಜ್ಞೆ ಬೇಕು: ಅವನು "ದೂರ ಇರು" ಎನ್ನುತ್ತಾನೆ, ಗುಮ್ಮಟ "ಇರು" ಎನ್ನುತ್ತದೆ. ಇಂಥ ಹತ್ತು ಸಾಲು ಮೊದಲೇ ಬರೆದಿಟ್ಟುಕೊಂಡು ದೃಶ್ಯಕ್ಕೆ ಕೈ ಹಾಕಿ.

ಅಧ್ಯಾಯಕ್ಕೆ ಸಾವಿರದೈನೂರು ಪದದಂತೆ ಪುಸ್ತಕಕ್ಕೆ ಮೂವತ್ತಾರು ಸಾವಿರ ಆಗುತ್ತದೆ, ಸಾಕು.

ಮೂರನೆಯದರಲ್ಲಿ ಕರಾರು ಮುರಿದು ಎಲ್ಲರನ್ನೂ ನವನಗರದಲ್ಲಿ ಸಂಸಾರ ಹೂಡಿಸುವ ಆಸೆ ಬರುತ್ತದೆ. ಮುರಿದರೆ ಹಿಂದಿನೆರಡು ಪುಸ್ತಕ ದಂಡ. ಮುರಿಯುವ ಬದಲು ಪಂಚಾಂಗ ತೆಗೆಯಿರಿ. ಮೊದಲ ಪುಸ್ತಕ 2024ರಲ್ಲಿ, ಎರಡನೆಯದು 2025ರಲ್ಲಿ ನಡೆದರೆ ಮೂರನೆಯದು 2026ಕ್ಕೆ ಬರುತ್ತದೆ, ಆ ವರ್ಷ ಜ್ಯೇಷ್ಠ ಅಧಿಕ ಮಾಸ. ಹೋಳಿಯಿಂದ ಗುರು ಹುಣ್ಣಿಮೆಗೆ ನಾಲ್ಕಲ್ಲ, ಐದು ತಿಂಗಳು. ಕಾಳು ತಿಂದದ್ದು ನಾಲ್ಕೇ. ಅವ್ವ ಕಾರ ಹುಣ್ಣಿಮೆಗೇ ದಂಡೆಗೆ ಬಂದು ನಿಲ್ಲುತ್ತಾಳೆ. ಕೆಳಗಿನವನು ಗುರು ಹುಣ್ಣಿಮೆ ಎಂದೇ ಮಾತಾಗಿತ್ತಲ್ಲ ಎನ್ನುತ್ತಾನೆ. ಆ ಒಂದು ತಿಂಗಳು ಯಾರದು ಎಂಬುದನ್ನು ಕನ್ನಿಕಾ ನಿರ್ಧರಿಸಲಿ, ಅಧ್ಯಾಯದ ತಲೆಯ ಅಂಕಿ ಏರುತ್ತಿರಲಿ.