ಫ್ಯಾಂಟಸಿ ಕಾದಂಬರಿಯ ಚರಮಗೀತೆ: ಅರ್ಥ ಬಿಡಿಸುವ ಬಗೆ

ಕಾದಂಬರಿಯ ನಡುವೆ ಹಾಡು ಬಂದರೆ ಕಣ್ಣು ತಾನಾಗಿ ಮುಂದಿನ ಗದ್ಯಕ್ಕೆ ಹಾರುತ್ತದೆ. ಸತ್ತವನ ಮೇಲಿನ ಹಾಡನ್ನು ಮಾತ್ರ ಹಾಗೆ ದಾಟಬೇಡಿ. ಆ ಲೋಕದ ಜನ ಸಾವನ್ನು ಹೇಗೆ ಎದುರಿಸುತ್ತಾರೆ ಎಂಬುದು ಅಲ್ಲೇ ಇರುತ್ತದೆ. ಮುಂಬಯಿಯ ಕನ್ನಡ ಓದುಗರ ಕೂಟಕ್ಕೆ ಒಂದು ಭಾನುವಾರದ ಮಧ್ಯಾಹ್ನ ಇಂಥ ಒಂದೇ ಹಾಡು ಸಾಕು. ಮಾದರಿಗೆ ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಅವರ ‘ದಿ ಟೂ ಟವರ್ಸ್’ (1954) ಕೃತಿಯ ಮೊದಲ ಅಧ್ಯಾಯದಲ್ಲಿ, ಕಾಳಗದಲ್ಲಿ ಸತ್ತ ಬೋರೊಮಿರ್ ಎಂಬ ವೀರನ ಮೇಲೆ ಅವನ ಜೊತೆಗಾರರು ಹಾಡುವ ಹಾಡನ್ನು ತೆಗೆದುಕೊಳ್ಳೋಣ.

ಹಾಡಿನ ಜೊತೆ ಹಿಂದುಮುಂದಿನ ಒಂದೆರಡು ಪುಟಗಳನ್ನೂ ಜೆರಾಕ್ಸ್ ಮಾಡಿಸಿ. ಬರೀ ಹಾಡನ್ನು ನೆಟ್‌ನಿಂದ ಇಳಿಸಿಕೊಂಡರೆ ಯಾವ ನುಡಿ ಯಾರದು ಎಂಬುದೇ ತಪ್ಪಿಹೋಗುತ್ತದೆ. ಇಲ್ಲಿ ಮೊದಲನೆಯ ಮತ್ತು ಮೂರನೆಯ ನುಡಿ ಜೊತೆಗಾರರಲ್ಲಿ ಒಬ್ಬನಾದ ಅರಗಾರ್ನ್‌ನದು, ನಡುವಿನದು ಇನ್ನೊಬ್ಬನಾದ ಲೆಗೊಲಾಸ್‌ನದು.

ಒಮ್ಮೆ ಗಟ್ಟಿಯಾಗಿ ಓದಿ, ಸಾಲುಗಳಿಗೆ ಸಂಖ್ಯೆ ಹಾಕಿ. ಪ್ರತಿ ನುಡಿಯಲ್ಲೂ 10 ಸಾಲು: ಗಾಳಿ ಬರುವುದಕ್ಕೆ 2, ಅದನ್ನು ಕೇಳುವುದಕ್ಕೆ 2, ಗಾಳಿಯ ಉತ್ತರಕ್ಕೆ 4, ಸತ್ತವನನ್ನೇ ಕರೆಯುವುದಕ್ಕೆ 2. ಈಗ ಅಂಚಿನಲ್ಲಿ ‘ಯಾರು ಯಾರಿಗೆ?’ ಎಂದು ಬರೆಯಿರಿ. ಇದನ್ನು ಬಿಟ್ಟು ನೇರ ಸಂಕೇತಗಳಿಗೆ ಕೈಹಾಕುವುದರಿಂದಲೇ ಹೆಚ್ಚಿನ ಓದುಗಳು ಹಳಿ ತಪ್ಪುತ್ತವೆ. ಹಾಡುವವರು ಹೆಣವನ್ನು ಈಗಷ್ಟೇ ದೋಣಿಯಲ್ಲಿ ಬಿಟ್ಟವರು, ಅವನು ಸತ್ತದ್ದು ಗೊತ್ತಿದ್ದವರು. ಹಾಡಿನೊಳಗೆ ಕೇಳುತ್ತಿರುವವರು ಬೋರೊಮಿರ್ ಊರಾದ ಮಿನಾಸ್ ತಿರಿತ್ ನಗರದ ಗೋಡೆಯ ಮೇಲೆ ದಾರಿ ಕಾಯುತ್ತಿರುವವರು, ಅವರಿಗೆ ಏನೂ ಗೊತ್ತಿಲ್ಲ. ತಮ್ಮ ದುಃಖವನ್ನು ಬದಿಗಿಟ್ಟು ಮನೆಯವರ ಬಾಯಾಗಿ ಅಳುವುದೇ ಈ ಹಾಡಿನ ಹೂರಣ.

ನಂತರ ಮೂರು ನುಡಿಗಳ ಕೊನೆಯ ಎರಡೆರಡು ಸಾಲುಗಳನ್ನು ಒಂದರ ಪಕ್ಕ ಒಂದು ಬರೆದುಕೊಳ್ಳಿ. ಪಡುವಣ ಗಾಳಿ, ತೆಂಕಣ ಗಾಳಿ ಎರಡೂ ಬಡಗಣ ಗಾಳಿಯ ಕಡೆ ಬೆರಳು ತೋರಿಸಿ ಜಾರಿಕೊಳ್ಳುತ್ತವೆ, ಆ ನುಡಿಗಳು ‘ನೀನು ಬರಲಿಲ್ಲ’ ಎಂದು ಮುಗಿಯುತ್ತವೆ. ಬಡಗಣ ಗಾಳಿ ಸಾವಿನ ಸುದ್ದಿ ಹೇಳಿದ ಮೇಲೆ ಆ ಮಾತು ಮತ್ತೆ ಬರುವುದಿಲ್ಲ. ಕಾವಲು ಗೋಪುರ ಕಡೆಯವರೆಗೂ, ಹೆಣದ ದೋಣಿ ಇಳಿದುಹೋದ ರೌರೊಸ್ ಜಲಪಾತದ ಕಡೆ ನೋಡುತ್ತಲೇ ಇರುತ್ತದೆ ಎಂದಷ್ಟೇ ಇದೆ. ಕಾಯುವಿಕೆ ನೆನಪಾಗಿ ತಿರುಗುವುದು ಇಲ್ಲೇ. ಇಷ್ಟು ಕಂಡರೆ ಅರ್ಧ ಕೆಲಸ ಮುಗಿದಂತೆ.

ದಿಕ್ಕುಗಳ ವಿಷಯದಲ್ಲಿ ಹುಷಾರಾಗಿರಬೇಕು. ತೆಂಕಣ ಅಂದೊಡನೆ ನಮಗೆ ಯಮನ ದಿಕ್ಕು ನೆನಪಾಗುತ್ತದೆ, ಮುಂಬಯಿಯಲ್ಲಿರುವವರಿಗೆ ಕಡಲು ಪಡುವಣದಲ್ಲಿ. ಎರಡೂ ಇಲ್ಲಿ ನಡೆಯುವುದಿಲ್ಲ. ದೋಣಿ ತೇಲಿಬಿಟ್ಟ ಆಂಡುಯಿನ್ ನದಿ ತೆಂಕಣಕ್ಕೆ ಹರಿದು ಕಡಲು ಸೇರುತ್ತದೆ, ಅದಕ್ಕೇ ತೆಂಕಣ ಗಾಳಿ ಕಡಲಹಕ್ಕಿಗಳ ಕೂಗನ್ನು ಹೊತ್ತು ತರುತ್ತದೆ. ಪುಸ್ತಕದ ಭೂಪಟವನ್ನು ಮುಂದೆ ಹರಡಿಕೊಂಡೇ ಓದಿ.

ಮುಂದಿನದು ಹಾಡು ಹೇಳದೆ ಬಿಟ್ಟದ್ದು. ಮೂಡಣ ಗಾಳಿಗೆ ನುಡಿಯಿಲ್ಲ. ಅದನ್ನು ನನಗೆ ಬಿಟ್ಟಿರಿ, ಆದರೆ ನಾನೇನೂ ಹೇಳುವುದಿಲ್ಲ ಎನ್ನುತ್ತಾನೆ ಮೂರನೆಯ ಜೊತೆಗಾರ ಗಿಮ್ಲಿ. ಶತ್ರುವಿನ ನಾಡು ಮೊರ್ಡೋರ್ ಇರುವುದು ಆ ಕಡೆ. ಆ ಗಾಳಿಯನ್ನು ನಗರದವರು ಸಹಿಸುತ್ತಾರೆ, ಅದರ ಬಳಿ ಸುದ್ದಿ ಕೇಳುವುದಿಲ್ಲ. ಇನ್ನೊಂದು ಮೌನ ಇದಕ್ಕಿಂತ ಆಳದ್ದು. ಬೋರೊಮಿರ್ ತನ್ನ ಜೊತೆಗಾರ ಫ್ರೋಡೊನಿಂದ, ಅವನು ಹೊತ್ತಿದ್ದ ಮಾಯಾ ಉಂಗುರವನ್ನು ಕಸಿದುಕೊಳ್ಳಲು ನೋಡಿದ್ದ, ಸಾಯುವಾಗ ಅದನ್ನು ಅರಗಾರ್ನ್‌ನ ಮುಂದೆ ಒಪ್ಪಿಕೊಂಡಿದ್ದ. ಹಾಡಿನಲ್ಲಿ ಅದರ ಸುಳಿವೇ ಇಲ್ಲ. ಅರಗಾರ್ನ್ ಆ ಕೊನೆಯ ಮಾತನ್ನು ಬಹುಕಾಲ ಒಳಗೇ ಇಟ್ಟುಕೊಳ್ಳುತ್ತಾನೆ. ಇದನ್ನು ಮುಚ್ಚುಮರೆ ಎನ್ನುವುದು ಅನ್ಯಾಯ. ಸತ್ತವನಿಗೆ ಗೆಳೆಯ ತೋರಿಸಿದ ಕರುಣೆ ಇದು.

ಹೋಲಿಕೆ ಬೇಕಿದ್ದರೆ ಬೋರಿವಲಿಯ ಎಕ್ಸರ್‌ನಲ್ಲಿ ಹಡಗಿನ ಕಾಳಗ ಕೆತ್ತಿರುವ ವೀರಗಲ್ಲುಗಳಿವೆ, ಹೋಗಿ ನೋಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಸಾಮಾನ್ಯವಾಗಿ ಅಡಿಯಲ್ಲಿ ಯುದ್ಧ, ತುದಿಯಲ್ಲಿ ದೇವಲೋಕ. ಈ ಹಾಡಿನಲ್ಲಿ ಯುದ್ಧ ಕೊನೆಗೆ ಬರುತ್ತದೆ, ವೀರ ನೀರಿನಲ್ಲಿ ಕೆಳಗಿಳಿಯುತ್ತಾನೆ, ಸ್ವರ್ಗದ ಮಾತಿಲ್ಲ. ದೋಣಿ ಪುಣ್ಯಲೋಕಕ್ಕೆ ಹೋಯಿತೆಂದು ಯಾರಾದರೂ ವಾದಿಸಿದರೆ ಸಾಲಿನ ಸಂಖ್ಯೆ ಕೇಳಿ.

ಕೊನೆಗೆ ಒಂದೊಂದು ನುಡಿಯನ್ನು ಕನ್ನಡ ಗದ್ಯದಲ್ಲಿ ಮೂರು ನಾಲ್ಕು ವಾಕ್ಯಗಳಿಗೆ ಇಳಿಸಿ. ಪದ್ಯಾನುವಾದಕ್ಕೆ ಆಮೇಲೆ ಇಳಿಯಿರಿ, ಇಲ್ಲದಿದ್ದರೆ ಪ್ರಾಸದ ಆಸೆಗೆ ಗಾಳಿಗಳ ಸರದಿಯೇ ಕಲಸಿಹೋಗುತ್ತದೆ.