ಯುದ್ಧಕಾಲದ ಗೃಹರಕ್ಷಕರನ್ನು ಊರಿನ ದಾಖಲೆಗಳಲ್ಲಿ ಹುಡುಕುವುದು ಹೇಗೆ?

‘ನಮ್ಮಜ್ಜ ಯುದ್ಧದ ಕಾಲಕ್ಕೆ ಪೊಲೀಸ್ ಆಗಿದ್ದರು’ ಎಂಬ ಮಾತು ನಮ್ಮ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಮನೆಗಳಲ್ಲಿ ಕೇಳಿಬರುವುದುಂಟು. ಪೊಲೀಸ್ ಇಲಾಖೆಯ ಸೇವಾ ಪುಸ್ತಕಗಳಲ್ಲಿ ಅವರ ಹೆಸರು ಸಿಗದಿದ್ದರೆ ಮಾತು ಸುಳ್ಳೆಂದು ತೀರ್ಮಾನಿಸಬಾರದು. ಗದ್ದೆ, ತೋಟ, ಅಂಗಡಿಗಳ ಕೆಲಸದ ನಡುವೆಯೇ ಕವಾಯತು ಕಲಿತು, ಕರೆ ಬಂದಾಗ ಬಂದೋಬಸ್ತಿಗೆ ನಿಂತ ಗೃಹರಕ್ಷಕರಂಥ (ಹೋಂ ಗಾರ್ಡ್) ಸ್ವಯಂಸೇವಕರು ಸಂಬಳದ ನೌಕರರಾಗಿರಲಿಲ್ಲ. ಅವರ ಗುರುತು ಬೇರೆ ಕಾಗದಗಳಲ್ಲಿದೆ.

ಮೊದಲು ಯಾವ ಯುದ್ಧ, ಯಾವ ಪಡೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಚೀನಾ ಆಕ್ರಮಣದಿಂದಾಗಿ 1962ರ ಅಕ್ಟೋಬರ್ 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮೈಸೂರು ಗೃಹರಕ್ಷಕ ದಳದ ಕಾಯ್ದೆಯೂ ಅದೇ ವರ್ಷದ್ದು. ಆದ್ದರಿಂದ 1962, 1965 ಮತ್ತು 1971ರ ನೆನಪುಗಳಿಗೆ ಗೃಹರಕ್ಷಕ ದಳವೇ ಮೊದಲ ಬಾಗಿಲು. ಆದರೆ 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗೆ ಪ್ರತ್ಯೇಕ ಕಾಯ್ದೆ ಬಂತು, ನಾಗರಿಕ ರಕ್ಷಣೆಯ ವಾರ್ಡನ್‌ಗಳು ಮತ್ತೊಂದು ವ್ಯವಸ್ಥೆಗೆ ಸೇರಿದವರು. ಮನೆಯವರ ಮಾತಿನಲ್ಲಿ ಈ ಮೂರೂ ‘ಪೊಲೀಸ್’ ಎಂಬ ಒಂದೇ ಹೆಸರಿನಡಿ ಬೆರೆತಿರಬಹುದು. ಎರಡನೇ ಮಹಾಯುದ್ಧದ ಕಾಲದ್ದಾದರೆ ಶಿವಮೊಗ್ಗ ಆಗ ಮೈಸೂರು ಸಂಸ್ಥಾನದಲ್ಲಿತ್ತೆಂಬುದನ್ನು ಮರೆಯಬಾರದು. ಆ ವರ್ಷಗಳ ಪೊಲೀಸ್ ಕಡತಗಳು ಎಂದೊಡನೆ ಶಿಕಾರಿಪುರ ತಾಲ್ಲೂಕಿನ ಈಸೂರು ಎದುರಾಗುತ್ತದೆ. 1942ರಲ್ಲಿ ಅಲ್ಲಿ ಅಮಲ್ದಾರರೂ (ತಾಲ್ಲೂಕಿನ ಕಂದಾಯ ಅಧಿಕಾರಿ) ಸಬ್ ಇನ್‌ಸ್ಪೆಕ್ಟರರೂ ಹತರಾದರು, 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಅದು ಸ್ವಾತಂತ್ರ್ಯ ಹೋರಾಟದ ಮತ್ತು ಸಂಬಳದ ಪೊಲೀಸರ ಚರಿತ್ರೆ. ಸ್ವಯಂಸೇವಕರ ಪಟ್ಟಿಯೊಂದಿಗೆ ಅದನ್ನು ಬೆರೆಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಕಚೇರಿಗೆ ಹೋಗುವ ಮೊದಲು ಮನೆಯ ಟ್ರಂಕು ತೆರೆಯಿರಿ. ನೇಮಕದ ಪತ್ರ, ತರಬೇತಿಯ ಪ್ರಮಾಣಪತ್ರ, ಖಾಕಿ ತೊಟ್ಟವರ ಗುಂಪು ಫೋಟೊ ಸಿಗಬಹುದು. ಫೋಟೊದ ಹಿಂದೆ ಸ್ಟುಡಿಯೊದ ಮೊಹರಿದ್ದರೆ ಘಟಕ ಯಾವ ಊರಿನದೆಂಬ ಸುಳಿವು ದೊರೆಯುತ್ತದೆ. ಮಳೆಗಾಲದ ಥಂಡಿಗೆ ಹಾಳೆಗಳು ಅಂಟಿಕೊಂಡಿದ್ದರೆ ಎಳೆದು ಬಿಡಿಸದೆ, ನೆರಳಿನಲ್ಲಿ ಆರಲು ಬಿಟ್ಟು, ಹಗಲು ಬೆಳಕಿನಲ್ಲಿ ಎರಡೂ ಮಗ್ಗುಲ ಚಿತ್ರ ತೆಗೆದುಕೊಳ್ಳಿ.

ನಂತರ ಜಿಲ್ಲಾ ಗೃಹರಕ್ಷಕ ದಳದ ಸಮಾದೇಷ್ಟರ (ಕಮಾಂಡೆಂಟ್) ಕಚೇರಿಗೆ ಲಿಖಿತ ಅರ್ಜಿ ಕೊಡಿ. ಅಗತ್ಯವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲೇ ಕೊಡಿ. ‘ನಮ್ಮಜ್ಜನ ವಿವರ ಬೇಕು’ ಎಂದಷ್ಟೇ ಬರೆದರೆ ಫಲವಿಲ್ಲ. ಘಟಕ, ವರ್ಷ ಹೇಳಿ, ದಾಖಲಾತಿ ವಹಿಯನ್ನೂ ಭತ್ಯೆಯ ಬಟವಾಡೆ ಪಟ್ಟಿಯನ್ನೂ ಹೆಸರಿಸಿ ಕೇಳಬೇಕು. ನನ್ನ ಮಟ್ಟಿಗೆ ಬಟವಾಡೆ ಪಟ್ಟಿಗಿಂತ ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ಯಾರು ಕರ್ತವ್ಯಕ್ಕೆ ಬಂದರು, ಎಷ್ಟು ದಿನ ಬಂದರು, ಎಷ್ಟು ಪಡೆದರು ಎಂಬುದಕ್ಕೆ ಅದು ಸಾಕ್ಷಿ. ಕೊನೆಯ ಅಂಕಣದಲ್ಲಿ ಆ ಮನುಷ್ಯನದೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಇರುತ್ತದೆ. ಒಂದೇ ಊರಿನಲ್ಲಿ ನಾಲ್ವರು ತಿಮ್ಮಪ್ಪಂದಿರು ಇರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ‘ಬಿನ್’ ಎಂಬುದರ ಮುಂದಿನ ತಂದೆಯ ಹೆಸರು ಹೊಂದುವವರೆಗೆ ಯಾರನ್ನೂ ನಮ್ಮವರೆಂದು ಒಪ್ಪಿಕೊಳ್ಳಬಾರದು.

ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸರ್ಕಾರದ ಹಳೆಯ ಕಡತಗಳಿಗೆ ಸೂಚಿಗಳಿವೆ. ಅಲ್ಲಿ ವ್ಯಕ್ತಿಯ ಹೆಸರಿನಿಂದಲ್ಲ, ಇಲಾಖೆ, ವರ್ಷ ಮತ್ತು ವಿಷಯದಿಂದ ಹುಡುಕಬೇಕು. ಅಧಿಕಾರಿಗಳ ನೇಮಕದ ಆದೇಶಗಳಿಗಾಗಿ ಆಯಾ ವರ್ಷದ ರಾಜ್ಯಪತ್ರವನ್ನೂ (ಗೆಜೆಟ್) ನೋಡಬೇಕು. ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದುದರಿಂದ ಆ ತಾಲ್ಲೂಕುಗಳವರೂ ಇಲ್ಲಿಯ ಕಡತಗಳನ್ನೇ ಕೇಳಬೇಕಾಗುತ್ತದೆ.

ಹಳ್ಳಿಯ ಕಾಗದಗಳ ವಿಷಯದಲ್ಲಿ ನಮ್ಮ ಜಿಲ್ಲೆಗೇ ವಿಶೇಷವಾದ ತೊಡಕೊಂದಿದೆ. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು 1963ರ ಫೆಬ್ರವರಿ 1ರಿಂದ ರದ್ದಾದವು. ದಳಗಳು ರೂಪುಗೊಳ್ಳುತ್ತಿದ್ದ ಆ ಹೊತ್ತಿಗೇ ಊರಿನ ದಫ್ತರಗಳು ಕೈ ಬದಲಾದವು. ಅದೇ ಕಾಲಕ್ಕೆ ಲಿಂಗನಮಕ್ಕಿ ಜಲಾಶಯದಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿ, ಜನರು ಬೇರೆ ಕಡೆ ಮನೆ ಕಟ್ಟಿಕೊಂಡರು. ಅಂಥವರ ಹೆಸರು 1962ರಲ್ಲಿ ಒಂದು ಊರಿನ ಕೆಳಗೆ, 1965ರಲ್ಲಿ ಇನ್ನೊಂದು ಊರಿನ ಕೆಳಗೆ ಇದ್ದೀತು. 1961ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಹಳೆಯ ಊರನ್ನು ಗುರುತಿಸಿ, ಪುನರ್ವಸತಿಯ ಕಾಗದಗಳೊಂದಿಗೆ ತಾಳೆ ನೋಡಿದರೆ ಇಬ್ಬರಂತೆ ಕಂಡವರು ಒಬ್ಬರೇ ಎಂದು ತಿಳಿಯಬಹುದು.

ಹಳೆಯ ಪತ್ರಿಕೆಗಳನ್ನು ನೋಡುವಾಗ ಯುದ್ಧದ ದಿನಗಳ ಜೊತೆಗೆ ಡಿಸೆಂಬರ್ 6ರ ಆಸುಪಾಸಿನ ಸಂಚಿಕೆಗಳನ್ನೂ ತಿರುವಿಹಾಕಿ. ಅದು ಗೃಹರಕ್ಷಕ ದಳದ ದಿನ. ದೊರೆತ ಪ್ರತಿ ಹೆಸರಿನೊಂದಿಗೆ ಕಡತದ ಸಂಖ್ಯೆ, ಪುಟ, ದಿನಾಂಕ ಬರೆದಿಟ್ಟುಕೊಂಡು, ಅದೇ ಪಟ್ಟಿಯ ಉಳಿದ ಹೆಸರುಗಳನ್ನೂ ನಕಲು ಮಾಡಿಕೊಳ್ಳಿ. ಅವರಲ್ಲಿ ಬದುಕಿರುವವರನ್ನು ಈಗಲೇ ಹೋಗಿ ಕಾಣಬೇಕು, ಏಕೆಂದರೆ 1965ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ.