ತಂಬೂರಿಗೆ ಪೀಜೋ ಪಿಕಪ್

ಕೊಪ್ಪಳದ ಸುತ್ತಲಿನ ಭಜನಾ ಮಂಡಳಿಗಳ ತಂಬೂರಿಗಳಿಗೆ ನಾನು ಹಾಕುವುದು 27 ಮಿ.ಮೀ. ಪೀಜೋ ಬಿಲ್ಲೆ, ಅಂದರೆ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ತೆಳು ಬಿಲ್ಲೆ. ಮೈಕಿಗೆ ತಾಳ, ದಮ್ಮಡಿ ಎಲ್ಲವೂ ನುಗ್ಗುತ್ತವೆ. ಬಿಲ್ಲೆ ಮುಖ್ಯವಾಗಿ ತಂಬೂರಿಯ ಮೇಲ್ಹಲಗೆಯ ಕಂಪನವನ್ನು ಹಿಡಿಯುತ್ತದೆ.

ಹಿತ್ತಾಳೆಯ ಅಂಚಿಗೆ ಅರ್ತ್, ನಡುವಿನ ಬಿಳಿ ಭಾಗಕ್ಕೆ ಸಿಗ್ನಲ್ ತಂತಿ. ಬಿಳಿ ಭಾಗದ ಬೆಸುಗೆ ಒಂದೆರಡು ಸೆಕೆಂಡಿನಲ್ಲಿ ಮುಗಿಯಬೇಕು, ಇಲ್ಲದಿದ್ದರೆ ಬೆಳ್ಳಿಯ ಲೇಪ ಎದ್ದುಬರುತ್ತದೆ. ಶೀಲ್ಡ್ ತಂತಿಯನ್ನೇ ಬಳಸಿ. ಸಾದಾ ತಂತಿಯಾದರೆ ಪೆಂಡಾಲಿನ ಟ್ಯೂಬ್‌ಲೈಟುಗಳೂ ಭಜನೆಗೆ ದನಿಗೂಡಿಸುತ್ತವೆ.

ಅಂಟಿಸುವ ಮೊದಲು ಜಾಗ ಹುಡುಕಿ. ಇಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ಸಿಟ್ಟು. ಎರಡು ಬದಿಯ ಟೇಪಿನಿಂದ ಬಿಲ್ಲೆಯನ್ನು ಹಲಗೆಗೆ ಹಚ್ಚಿ, ಆಂಪ್ಲಿಫೈಯರ್‌ಗೆ ಜೋಡಿಸಿ, ಮೀಟುತ್ತಾ ಸರಿಸಿ. ತಂತಿಗಳನ್ನು ಹೊರುವ ಕುದುರೆಗೆ ತೀರಾ ಹತ್ತಿರವಾದರೆ ನಾದ ಚುಚ್ಚುತ್ತದೆ, ದೂರವಾದರೆ ಮಂಕಾಗುತ್ತದೆ. ಎರಡು ಬೆರಳಿನ ಅಂತರ ನನಗೆ ಇಷ್ಟ. ಆಮೇಲೆ ಸೂಪರ್ ಗ್ಲೂ ತೆಳುವಾಗಿ ಸವರಿ, ಗಾಳಿ ಉಳಿಯದಂತೆ ಒತ್ತಿಹಿಡಿಯಿರಿ.

ಕೇಬಲ್ ಸಿಕ್ಕಿಸುವ ಜ್ಯಾಕ್‌ಗಾಗಿ ಸೋರೆಬುರುಡೆ ಕೊರೆಯಬೇಡಿ, ಸೀಳೀತು. ಜ್ಯಾಕನ್ನು ಸಣ್ಣ ಡಬ್ಬಿಯಲ್ಲಿಟ್ಟು ದಂಡಿಗೆಗೆ ಕಟ್ಟಿ.

ನೇರವಾಗಿ ಮಿಕ್ಸರ್‌ಗೆ ಕೊಟ್ಟರೆ ಕೆಳದನಿ ಸೋರಿಹೋಗುತ್ತದೆ. ನಡುವೆ 1 ಮೆಗಾಓಮ್ ಇನ್‌ಪುಟ್ ಇರುವ, 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್ (ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಪುಟ್ಟ ಆಂಪ್ಲಿಫೈಯರ್) ಇರಲಿ. ಮಂಗಳಾರತಿಯಾದ ಮೇಲೆ ಅದನ್ನು ಆರಿಸಿ, ಬ್ಯಾಟರಿ ಉಳಿಯುತ್ತದೆ.